ಎಬ್ಬಿಸುವ ಮಾತು, ಅಟ್ಟುವ ಮಾತು

ಹಾಸನದಿಂದ ಅರಸೀಕೆರೆಯ ಕಡೆಗೆ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಕೊರವಂಗಲವೆಂಬ ಗ್ರಾಮ ಸಿಗುತ್ತದೆ. ಬೇಲೂರು, ಹಳೇಬೀಡುಗಳಿಗೆ ಹೋಗುವ ಪ್ರವಾಸಿಗರಲ್ಲಿ ಬಹುಮಂದಿ ಈ ಊರಿನತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಇಲ್ಲಿರುವ ಬೂಚೇಶ್ವರ ದೇವಾಲಯವು ಹೊಯ್ಸಳ ಶಿಲ್ಪದ ಒಂದು ಅಚ್ಚುಕಟ್ಟಾದ ಮಾದರಿ. ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿಯಿರುವುದು ಇದರ ವೈಶಿಷ್ಟ್ಯ. 1173ರಲ್ಲಿ ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ ಸಂಭ್ರಮಕ್ಕಾಗಿ ಬೂಚಿರಾಜನೆಂಬ ಅಧಿಕಾರಿಯು ಇದನ್ನು ಕಟ್ಟಿಸಿದನು. ಅವನ ಸಹೋದರರಾದ ಗೋವಿಂದ ಮತ್ತು ನಾಕ ಎಂಬುವರು ಕಟ್ಟಿಸಿದ ಗುಡಿಗಳೂ ಇದೇ ಊರಿನಲ್ಲಿದ್ದವು. ಇಂದು ಅವು ಪಾಳುಬಿದ್ದಿವೆ.

ಈ ವಿವರಗಳು ನಮಗೆ ತಿಳಿದಿರುವುದು ಶಾಸನಗಳಿಂದ. ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ ಹೊರತಂದವರು ಬಿ. ಎಲ್. ರೈಸ್. ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಲಂಡನ್ ಮಿಷನ್ನಿನ ಬೋಧಕರಾಗಿದ್ದ ಬೆಂಜಮಿನ್ ರೈಸ್ ಅವರ ಮಗ. ತಂದೆ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದರೆ, ಮಗ ಕನ್ನಡ ಕಲ್ಲುಗಳನ್ನು ಓದಿ ಇಂಗ್ಲಿಷಿಗೆ ತಂದರು. ಎರಡು ಭಾಷೆಗಳ ನಡುವೆ ಪದಗಳನ್ನು ತೂಗಿ ನೋಡುವ ಕಾಯಕ ಆ ಮನೆಯಲ್ಲಿ ಎರಡು ತಲೆಮಾರು ನಡೆಯಿತು.

ಮೇಲಿನ ಸಾಲುಗಳಲ್ಲಿ ನಾವು 'ಕಟ್ಟಿಸಿದನು' ಎಂಬ ಪದವನ್ನು ಸಲೀಸಾಗಿ ಬಳಸಿದ್ದೇವೆ. ಈ ಚಿಕ್ಕ ಪದವನ್ನೇ ಹಿಡಿದು ಸ್ವಲ್ಪ ದೂರ ನಡೆಯುವುದು ಈ ಲೇಖನದ ಉದ್ದೇಶ. ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಕಾರ್ಯಕ್ಕೆ ಹಚ್ಚುವುದು ಹೇಗೆ? ಅದಕ್ಕೆ ನಮ್ಮ ಭಾಷೆಯಲ್ಲಿ ಯಾವ ಮಾತುಗಳಿವೆ, ಇಂಗ್ಲಿಷಿನಲ್ಲಿ ಯಾವುವಿವೆ? ಆ ಮಾತುಗಳ ಚರಿತ್ರೆ ನಮಗೆ ಏನನ್ನು ಕಲಿಸುತ್ತದೆ?

'ಇಸು' ಎಂಬ ಪ್ರತ್ಯಯ

ಕಟ್ಟು ಎಂಬ ಧಾತುವಿಗೆ 'ಇಸು' ಸೇರಿದರೆ 'ಕಟ್ಟಿಸು' ಆಗುತ್ತದೆ. ಮಾಡು, ಮಾಡಿಸು, ಬರೆ, ಬರೆಯಿಸು, ಓದು, ಓದಿಸು. ಇದನ್ನು ನಮ್ಮ ವೈಯಾಕರಣರು ಪ್ರೇರಣಾರ್ಥಕವೆಂದು ಕರೆಯುತ್ತಾರೆ. ಬೂಚಿರಾಜನಿಗೆ ಸುಮಾರು ಒಂದು ಶತಮಾನದ ಅನಂತರ, ಅದೇ ಹೊಯ್ಸಳರ ಕಾಲದಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ವೆಂಬ ವ್ಯಾಕರಣವನ್ನು ರಚಿಸಿ ಕನ್ನಡದ ಇಂತಹ ನಿಯಮಗಳನ್ನು ಸೂತ್ರಗಳಲ್ಲಿ ನಿರೂಪಿಸಿದನು. ಅದನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಮುದ್ರಿಸಿದವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್. ಮುಂದೆ 1894ರಲ್ಲಿ ಅವರ ಮಹಾಕೃತಿಯಾದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು.

ಒಂದು 'ಇಸು' ಪ್ರತ್ಯಯದಿಂದ ಕನ್ನಡವು ಮಾಡುವವನನ್ನೂ ಮಾಡಿಸುವವನನ್ನೂ ಬೇರ್ಪಡಿಸಿ ಹೇಳಬಲ್ಲದು. ಆದರೆ ಈ ಅನುಕೂಲದಲ್ಲೇ ಒಂದು ಅಪಾಯವೂ ಇದೆ. 'ಕಟ್ಟಿಸಿದನು' ಎಂದೊಡನೆ ಬೂಚಿರಾಜನು ನಮ್ಮ ಕಣ್ಣೆದುರು ನಿಲ್ಲುತ್ತಾನೆ, ಕಟ್ಟಿದವರು ಮರೆಯಾಗುತ್ತಾರೆ. ಹೊಯ್ಸಳ ಶಿಲ್ಪಿಗಳಲ್ಲಿ ಕೆಲವರು ಈ ಮರೆವಿಗೆ ಒಪ್ಪಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಇನ್ನುಳಿದ ಸಾವಿರಾರು ಕೈಗಳ ಹೆಸರು ಉಳಿದಿಲ್ಲ. ನಮ್ಮದೇ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚನ್ನು ನೆನೆಯಿರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಅದನ್ನು ಕಟ್ಟಿಸಿದರೆಂದು ನಾವೆಲ್ಲರೂ ಹೇಳುತ್ತೇವೆ. ಹೇಮಾವತಿಯ ಹಿನ್ನೀರಿನಲ್ಲಿ ಪ್ರತಿ ಮಳೆಗಾಲವೂ ಅರ್ಧ ಮುಳುಗುವ ಆ ಗೋಡೆಗಳಿಗೆ ಗಾರೆ ಕಲಸಿದ, ಇಟ್ಟಿಗೆ ಹೊತ್ತ ಹಳ್ಳಿಗರು ಯಾರೆಂದು ಕೇಳುವುದಿಲ್ಲ. ಪ್ರೇರಣೆಯ ಬಗ್ಗೆ ಮಾತನಾಡುವಾಗ ಮೊದಲು ನೆನಪಿಡಬೇಕಾದ ಸಂಗತಿಯಿದು: ಪ್ರೇರಕನ ಹಿಂದೆ ಯಾವಾಗಲೂ ಒಬ್ಬ ಕಾರಕನಿದ್ದಾನೆ, ಅವನಿಗೂ ಒಂದು ಮನಸ್ಸಿದೆ.

ಇಂಗ್ಲಿಷ್ ಪದಗಳ ಹುಟ್ಟೂರು

ಇಂಗ್ಲಿಷಿನಲ್ಲಿ ನಮ್ಮ 'ಇಸು'ವಿನಂತೆ ಎಲ್ಲ ಕ್ರಿಯೆಗಳಿಗೂ ಹೊಂದುವ ಒಂದು ಪ್ರತ್ಯಯವಿಲ್ಲ. ಆದ್ದರಿಂದ ಆ ಭಾಷೆ ಈ ಒಂದು ಅರ್ಥಕ್ಕೆ ಬೇರೆ ಬೇರೆ ಕಡೆಗಳಿಂದ ಹತ್ತಾರು ಪದಗಳನ್ನು ಕೂಡಿಹಾಕಿಕೊಂಡಿತು. ಅವುಗಳಲ್ಲಿ ಬಹುಪಾಲು ಲ್ಯಾಟಿನ್ ಮೂಲದವು. ಪ್ರತಿಯೊಂದು ಪದದ ಬೇರಿನಲ್ಲಿಯೂ ಒಂದು ಚಿತ್ರ ಅಡಗಿದೆ.

'ಸ್ಟಿಮ್ಯುಲೇಟ್' ಎಂಬುದು 'ಸ್ಟಿಮ್ಯುಲಸ್' ಎಂಬ ಲ್ಯಾಟಿನ್ ಪದದಿಂದ ಬಂದದ್ದು. ಅದರ ಮೂಲ ಅರ್ಥ ದನಗಳನ್ನು ಚುಚ್ಚಿ ನಡೆಸುವ ಮೊನೆಯಿರುವ ಕೋಲು. 'ಇನ್‌ಸ್ಟಿಗೇಟ್' ಎಂಬುದೂ ಚುಚ್ಚುವ ಅರ್ಥದ ಬೇರಿನಿಂದಲೇ ಹುಟ್ಟಿದೆ. 'ಸ್ಪರ್' ಎಂದರೆ ಸವಾರನ ಹಿಮ್ಮಡಿಗೆ ಕಟ್ಟುವ, ಕುದುರೆಯ ಪಕ್ಕೆಗೆ ಒತ್ತುವ ಲೋಹದ ಮುಳ್ಳು. 'ಇಂಪೆಲ್' ಎಂದರೆ ಮುಂದಕ್ಕೆ ಅಟ್ಟುವುದು. 'ರೌಸ್' ಎಂಬ ಪದ ಬೇಟೆಗಾರರ ನಡುವೆ ಬೆಳೆದದ್ದು: ಗಿಡುಗವು ಗರಿ ಕೊಡವಿಕೊಳ್ಳುವುದನ್ನೂ, ಪೊದೆಯಲ್ಲಡಗಿದ ಮೃಗವನ್ನು ಹೊರಕ್ಕೆಬ್ಬಿಸುವುದನ್ನೂ ಅದು ಹೇಳುತ್ತಿತ್ತು. ನಿದ್ದೆಯಿಂದ ಎಬ್ಬಿಸುವ ಅರ್ಥ ಆಮೇಲೆ ಸೇರಿಕೊಂಡಿತು.

ಇನ್ನೊಂದು ಗುಂಪಿನ ಪದಗಳ ಚಿತ್ರ ಬೇರೆ. 'ಎನ್‌ಕರೇಜ್' ಎಂಬುದರ ಒಡಲಲ್ಲಿ ಹೃದಯ ಎಂಬ ಅರ್ಥದ ಲ್ಯಾಟಿನ್ 'ಕೋರ್' ಇದೆ. ಎದೆಯಿಲ್ಲದವನಿಗೆ ಎದೆ ಕೊಡುವುದೇ ಅದರ ತಾತ್ಪರ್ಯ. 'ಇನ್‌ಸ್ಪೈರ್' ಎಂದರೆ ಒಳಗೆ ಉಸಿರೂದುವುದು. 'ಆನಿಮೇಟ್' ಎಂದರೆ ಜೀವ ತುಂಬುವುದು. 'ಪ್ರೊವೋಕ್' ಎಂಬುದು ಇಂದು ಕೆರಳಿಸುವ ಅರ್ಥದಲ್ಲಿ ಕುಖ್ಯಾತವಾಗಿದ್ದರೂ ಅದರ ಮೂಲಾರ್ಥ 'ಹೊರಗೆ ಬಾ ಎಂದು ಕರೆ' ಎಂಬುದಷ್ಟೇ.

ವಿಜ್ಞಾನವೂ ಇದಕ್ಕೆ ತನ್ನ ಕಾಣಿಕೆ ನೀಡಿತು. ಇಟಲಿಯ ಬೊಲೋನ್ಯದ ವೈದ್ಯ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲುಗಳು ವಿದ್ಯುತ್ತಿನ ಸ್ಪರ್ಶದಿಂದ ಸೆಟೆಯುವುದನ್ನು ಕಂಡು 1791ರಲ್ಲಿ ಪ್ರಕಟಿಸಿದನು. ಅವನ ಹೆಸರಿನಿಂದ 'ಗ್ಯಾಲ್ವನೈಸ್' ಎಂಬ ಕ್ರಿಯಾಪದ ಹುಟ್ಟಿತು. ಇಂದು ನಾಯಕನೊಬ್ಬನು ಜನರನ್ನು ಗ್ಯಾಲ್ವನೈಸ್ ಮಾಡಿದನೆಂದು ಪತ್ರಿಕೆಗಳು ಹೊಗಳುತ್ತವೆ. ಕಪ್ಪೆಯ ಕಾಲು ಸೆಟೆದಿತ್ತು ನಿಜ. ಆದರೆ ಕಪ್ಪೆಗೆ ಜೀವ ಬಂದಿರಲಿಲ್ಲವೆಂಬುದನ್ನು ಅವು ಹೇಳುವುದಿಲ್ಲ.

ನಾವು ದಿನಕ್ಕೆ ಹತ್ತು ಸಲ ಕೇಳುವ 'ಮೋಟಿವೇಶನ್' ಇವೆಲ್ಲಕ್ಕಿಂತ ಕಿರಿಯ ಪದ. ಚಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಇದು ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮನೋವಿಜ್ಞಾನಿಗಳೂ ಕಾರ್ಖಾನೆಗಳ ಆಡಳಿತಗಾರರೂ ಅದನ್ನು ಕೈಗೆತ್ತಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಮಾನವನ ಅಗತ್ಯಗಳನ್ನು ಹಸಿವೆಯಿಂದ ಹಿಡಿದು ಆತ್ಮಸಾಕ್ಷಾತ್ಕಾರದವರೆಗೆ ಶ್ರೇಣಿಯಾಗಿ ವಿವರಿಸಿದನು. 1968ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಇನ್ನೊಂದು ಮುಖ್ಯವಾದ ಭೇದವನ್ನು ತೋರಿಸಿದನು: ಒದ್ದರೆ ನಾಯಿ ಚಲಿಸುತ್ತದೆ, ಆದರೆ ಅಲ್ಲಿ ಪ್ರೇರಣೆಯಿರುವುದು ಒದ್ದವನಲ್ಲಿಯೇ ಹೊರತು ನಾಯಿಯಲ್ಲಲ್ಲ. ತಿಂಡಿ ತೋರಿಸಿ ಕರೆದರೂ ಸಂಗತಿ ಅಷ್ಟೇ. 1971ರಲ್ಲಿ ಎಡ್ವರ್ಡ್ ಡೆಸಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಸಕ್ತಿಯಿಂದ ಒಗಟು ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಬಳಿಕ ನಿಲ್ಲಿಸಿದಾಗ, ಅವರು ತಾವಾಗಿ ಅದರಲ್ಲಿ ತೊಡಗುವುದು ಕಡಿಮೆಯಾಯಿತು.

ಎರಡು ಭಾಷೆಗಳು ಸಂಧಿಸಿದಾಗ

ಈ ಪದಗಳು ಕನ್ನಡದ ಹೊಸ್ತಿಲಿಗೆ ಬಂದಾಗ ಅವುಗಳಿಗೆ ಸಮಾನಪದ ಹುಡುಕುವ ಹೊಣೆ ಬಹುಮಟ್ಟಿಗೆ ಮಿಷನರಿಗಳ ಮೇಲೂ ಅವರಿಗೆ ನೆರವಾದ ಕನ್ನಡ ಪಂಡಿತರ ಮೇಲೂ ಬಿದ್ದಿತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ 1831ರ ವೇಳೆಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದವು.

ಅವರ ಮುಂದೆ ಎರಡು ಕಣಜಗಳಿದ್ದವು. ಒಂದು ಅಚ್ಚಗನ್ನಡದ್ದು: ಎಬ್ಬಿಸು, ಎಚ್ಚರಿಸು, ಅಟ್ಟು, ದೂಡು, ಕೆಣಕು, ಕೆರಳಿಸು, ಎತ್ತಿಕಟ್ಟು, ಹುರಿದುಂಬಿಸು. ಇವುಗಳಲ್ಲಿ 'ಹುರಿದುಂಬಿಸು' ಎಷ್ಟು ಸೊಗಸಾದ ಪದ! ಸಡಿಲವಾದ ನಾರಿನ ಎಳೆಗಳಿಗೆ ಹುರಿ ಕೊಟ್ಟಾಗ ಅವು ಹಗ್ಗವಾಗಿ ಭಾರ ಎಳೆಯಬಲ್ಲವು. ಹೊರಗಿನಿಂದ ಏನನ್ನೂ ಸೇರಿಸಿರುವುದಿಲ್ಲ. ಇದ್ದ ಎಳೆಗಳೇ ಬಿಗಿಯಾಗಿರುತ್ತವೆ.

ಇನ್ನೊಂದು ಸಂಸ್ಕೃತದ ಕಣಜ: ಪ್ರೇರಣೆ, ಪ್ರೋತ್ಸಾಹ, ಪ್ರಚೋದನೆ, ಉತ್ತೇಜನ. ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸೂಚಿಸಿದನು. ಕನ್ನಡ, ತಮಿಳು, ತೆಲುಗುಗಳ ಕುಟುಂಬ ಬೇರೆಯೆಂಬುದನ್ನು 1816ರಲ್ಲಿ ಮದರಾಸಿನ ಎಲ್ಲಿಸ್ ತೋರಿಸಿದನು. 1856ರಲ್ಲಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಸ್ಥಾಪಿಸಿದನು. ಹೀಗಾಗಿ 'ಎಬ್ಬಿಸು' ನಮ್ಮ ನೆಲದ ಪದವಾದರೆ, 'ಉತ್ತೇಜನ'ವು ಇಂಗ್ಲಿಷಿನ 'ಇನ್‌ಸ್ಟಿಗೇಟ್' ಪದಕ್ಕೆ ದೂರದ ದಾಯಾದಿ. 'ತೇಜಸ್ಸು' ಎಂಬುದರಲ್ಲಿರುವ 'ತಿಜ್' ಧಾತುವಿನ ಅರ್ಥ ಹರಿತವಾಗುವುದು. ಲ್ಯಾಟಿನಿನಲ್ಲಿ ಚುಚ್ಚುವ ಮೊನೆಯಾದ ಅದೇ ಬೇರು ನಮ್ಮಲ್ಲಿ ಹೊಳಪೂ ಕಾಂತಿಯೂ ಆಯಿತು.

ಪದಗಳು ಹೀಗೆ ಏರುವಂತೆ ಇಳಿಯುವುದೂ ಉಂಟು. 'ಪ್ರಚೋದನೆ'ಯ ಮೂಲವಾದ 'ಚುದ್' ಧಾತುವು ಗಾಯತ್ರೀ ಮಂತ್ರದಲ್ಲಿ ಬುದ್ಧಿಯನ್ನು ಬೆಳಕಿನತ್ತ ನಡೆಸುವ ಪ್ರಾರ್ಥನೆಯ ಪದವಾಗಿದೆ. ಆದರೆ ಇಂದಿನ ಪತ್ರಿಕೆಯಲ್ಲಿ 'ಪ್ರಚೋದನಕಾರಿ ಭಾಷಣ'ವೆಂದರೆ ಪೊಲೀಸರು ಮೊಕದ್ದಮೆ ಹೂಡುವಂಥದ್ದು. ಇದರಲ್ಲಿ ಕಾನೂನಿನ ಭಾಷೆಗೂ ಪಾಲಿದೆ. ಮೆಕಾಲೆಯ ಆಯೋಗವು 1837ರಲ್ಲಿ ಕರಡು ಸಿದ್ಧಪಡಿಸಿ 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯು, ಅಪರಾಧ ಮಾಡಿದವನಲ್ಲದೆ ಮಾಡಿಸಿದವನೂ ಹೊಣೆಗಾರನೆಂದು ವಿಧಿಸಿತು. ಕನ್ನಡದಲ್ಲಿ ಅದನ್ನು 'ದುಷ್ಪ್ರೇರಣೆ' ಎಂದರು. 2024ರ ಜುಲೈ 1ರಂದು ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ತತ್ತ್ವ ಹಾಗೆಯೇ ಉಳಿದಿದೆ. ಕೇಶಿರಾಜನ 'ಇಸು' ನ್ಯಾಯಾಲಯದಲ್ಲಿಯೂ ತೂಕದ ಪ್ರತ್ಯಯವೇ.

ಮುಳ್ಳುಗೋಲು ಮತ್ತು ಬಲವಂತ

ಶ್ರೀಗ್ರಂಥವನ್ನು ಓದುವವರಿಗೆ ಮುಳ್ಳುಗೋಲು ಪರಿಚಿತವಾದದ್ದೇ. ಅರಸನಾದ ಅಗ್ರಿಪ್ಪನೆದುರು ತನ್ನ ಪರಿವರ್ತನೆಯನ್ನು ವಿವರಿಸುವಾಗ ಸಂತ ಪೌಲನು ಆ ಚಿತ್ರವನ್ನು ಬಳಸುತ್ತಾನೆ. ಎತ್ತು ಮುಳ್ಳುಗೋಲಿಗೆ ಒದ್ದಷ್ಟೂ ಗಾಯ ಎತ್ತಿನ ಕಾಲಿಗೇ. ಹಳೆಯ ಒಡಂಬಡಿಕೆಯಲ್ಲಿ ಮುಳ್ಳುಗೋಲಿಗೆ ಬಳಸಿರುವ ಹೀಬ್ರೂ ಪದವು 'ಕಲಿ' ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಹಳ್ಳೀಕಾರ್ ಎತ್ತುಗಳನ್ನು ಸಾಕಿದ ಹಾಸನ ಸೀಮೆಯ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾರುಕೋಲು ಅವರ ಕೈಯಲ್ಲಿಯೂ ಇರುತ್ತಿತ್ತು. ಆದರೆ ಪಳಗಿದ ಜೋಡಿಗೆ ಒಡೆಯನ ದನಿಯೇ ಸಾಕು.

ಕೋಲು ಮತ್ತು ದನಿಗಳ ನಡುವಣ ಈ ಅಂತರವನ್ನು ಮರೆತಾಗ ಎಂತಹ ಅನರ್ಥವಾಗುತ್ತದೆಂಬುದಕ್ಕೆ ಧರ್ಮಸಭೆಯ ಚರಿತ್ರೆಯೇ ಸಾಕ್ಷಿ. ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದ ಔತಣದ ಸಾಮತಿಯಲ್ಲಿ, ದಾರಿಬೀದಿಗಳಲ್ಲಿರುವವರನ್ನು ಬಲವಂತಮಾಡಿ ಕರೆತರುವಂತೆ ಯಜಮಾನನು ಹೇಳುತ್ತಾನೆ. ನಮ್ಮ ಹಳ್ಳಿಗಳಲ್ಲಿ ಮದುವೆಯ ಊಟಕ್ಕೆ ಕೈಹಿಡಿದೆಳೆದು ಕೂರಿಸುವ ಅಕ್ಕರೆಯ ಬಲವಂತವಿದು. ಆದರೆ ಲ್ಯಾಟಿನ್ ಅನುವಾದದಲ್ಲಿ ಅದು ಕಟ್ಟುನಿಟ್ಟಾದ ಎರಡು ಪದಗಳ ಆಜ್ಞೆಯಾಗಿ ನಿಂತಿತು. ಉತ್ತರ ಆಫ್ರಿಕದ ಸಂತ ಅಗಸ್ತೀನರು ಮೊದಲು ಬಲಪ್ರಯೋಗವನ್ನು ಒಪ್ಪದಿದ್ದವರು, ಆದರೆ ಕ್ರಿ.ಶ. 408ರ ಸುಮಾರಿನಲ್ಲಿ ವಿನ್ಸೆಂಟಿಯಸ್ ಎಂಬುವನಿಗೆ ಬರೆದ ಪತ್ರದಲ್ಲಿ, ಡೊನಾಟಿಸ್ಟ್ ಪಂಗಡದವರನ್ನು ರಾಜಶಾಸನದ ಭಯದಿಂದ ಹಿಂದಕ್ಕೆ ತರುವುದನ್ನು ಈ ವಾಕ್ಯದ ಆಧಾರದಿಂದಲೇ ಸಮರ್ಥಿಸಿದರು. ಮುಂದಿನ ಶತಮಾನಗಳಲ್ಲಿ ಅವರಿಗಿಂತ ಕಠಿಣ ಹೃದಯದವರು ಆ ಎರಡು ಪದಗಳನ್ನು ಚಾವಟಿಯಂತೆ ಬೀಸಿದರು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಒತ್ತಾಯಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಸ್ಪಷ್ಟಪಡಿಸಿತು. ಕರೆಯುವ ಮಾತೊಂದು ಅಟ್ಟುವ ಮಾತಾಗಿ, ಪುನಃ ಕರೆಯುವ ಮಾತಾಗಲು ಹದಿನೈದು ಶತಮಾನಗಳು ಬೇಕಾದವು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಪದವನ್ನು ನೋಡೋಣ. ಹೀಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ, ಪ್ರೀತಿಗೂ ಸತ್ಕಾರ್ಯಗಳಿಗೂ ನಾವು ಒಬ್ಬರನ್ನೊಬ್ಬರು ಪ್ರೇರೇಪಿಸಬೇಕೆಂಬ ಬುದ್ಧಿವಾದವಿದೆ. ಅಲ್ಲಿನ ಗ್ರೀಕ್ ಪದ 'ಪರೋಕ್ಸುಸ್ಮೊಸ್'. 1611ರ ಇಂಗ್ಲಿಷ್ ಬೈಬಲು ಅದನ್ನು 'ಪ್ರೊವೋಕ್' ಎಂದು ಅನುವಾದಿಸಿತು. ಆಧುನಿಕ ಅನುವಾದಗಳಲ್ಲಿ ಒಂದು 'ಸ್ಪರ್' ಎಂದಿತು, ಇನ್ನೊಂದು 'ರೌಸ್' ಎಂದಿತು. ಕುದುರೆಯ ಮುಳ್ಳೂ ಬೇಟೆಗಾರನ ಕೂಗೂ ಕರೆಯ ದನಿಯೂ ಒಂದೇ ವಾಕ್ಯದ ಬಾಗಿಲಲ್ಲಿ ಸರದಿ ನಿಂತಂತಾಯಿತು. ಆ ಗ್ರೀಕ್ ಪದದ ಮೂಲಾರ್ಥವೂ ನಮ್ಮ 'ಉತ್ತೇಜನ'ದಂತೆ ಹರಿತಗೊಳಿಸುವುದೇ ಆಗಿದೆ.

ಹೊಸ ಒಡಂಬಡಿಕೆಯಲ್ಲಿ ಈ ಪದ ಕಾಣಿಸಿಕೊಳ್ಳುವುದು ಎರಡೇ ಕಡೆ. ಇನ್ನೊಂದು ಸ್ಥಳ ಪ್ರೇಷಿತರ ಕಾರ್ಯಕಲಾಪಗಳ ಹದಿನೈದನೆಯ ಅಧ್ಯಾಯ. ಮಾರ್ಕನೆನಿಸಿದ ಯೊವಾನ್ನನನ್ನು ಜೊತೆಗೆ ಕರೆದೊಯ್ಯಬೇಕೆ ಬೇಡವೆ ಎಂದು ಪೌಲ ಮತ್ತು ಬಾರ್ನಬರಲ್ಲಿ ವಾಗ್ವಾದವುಂಟಾಗಿ ಅವರು ಅಗಲಿಹೋದರಷ್ಟೆ? ಆ ತೀಕ್ಷ್ಣ ವಾಗ್ವಾದಕ್ಕೂ ಇದೇ ಪದ. ಬಾರ್ನಬನೆಂಬ ಹೆಸರಿಗೆ ಲೂಕನು ಕೊಡುವ ಅರ್ಥವೇ ಪ್ರೋತ್ಸಾಹದ ಪುತ್ರನೆಂದು. ಅಂಥವನ ನಡುವೆಯೂ ಹರಿತವಾದ ಮಾತು ಗೆಳೆತನವನ್ನು ಕತ್ತರಿಸಿತು. ಒಂದೇ ಅಲಗು ಒಂದು ಕಡೆ ಪ್ರೀತಿಯನ್ನು ಮಸೆಯಬಲ್ಲದು, ಇನ್ನೊಂದು ಕಡೆ ಸ್ನೇಹವನ್ನು ಸೀಳಬಲ್ಲದು. ಆದರೂ ಪೌಲನು ಬೇಡವೆಂದ ಆ ಯುವಕನನ್ನು ಬಾರ್ನಬನು ಕೈಬಿಡದೆ ಸೈಪ್ರಸ್ಸಿಗೆ ಕರೆದೊಯ್ದನು. ವರ್ಷಗಳ ಅನಂತರ, ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅದೇ ಮಾರ್ಕನು ಸೇವೆಗೆ ಉಪಯುಕ್ತನೆಂದು, ಅವನನ್ನು ಕರೆದುಕೊಂಡು ಬಾ ಎಂದು ಪೌಲನು ಬರೆಯುವುದನ್ನು ಕಾಣುತ್ತೇವೆ. ಸೋತು ಹಿಂದಿರುಗಿದವನನ್ನು ಮತ್ತೆ ನಡೆಸಿದ್ದು ಕೋಲಿನ ಏಟಲ್ಲ, ಜೊತೆಗಿದ್ದ ಒಬ್ಬ ಹಿರಿಯನ ತಾಳ್ಮೆ.

ನಮ್ಮ ಮನೆಗಳಲ್ಲಿ

ಈ ಚರಿತ್ರೆಯೆಲ್ಲ ನಮ್ಮ ಕುಟುಂಬಗಳಿಗೆ ದೂರದ ಮಾತಲ್ಲ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಪರೀಕ್ಷೆಯ ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಆಡುವ ಮಾತುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಪಕ್ಕದ ಮನೆಯ ಹುಡುಗನ ಅಂಕಗಳನ್ನು ಎತ್ತಿ ಹೇಳುವುದು ಸ್ಟಿಮ್ಯುಲಸ್, ಅಂದರೆ ಮೊನೆಯ ಕೋಲು. ಇಷ್ಟು ಅಂಕ ಬಂದರೆ ಮೊಬೈಲು ಎಂಬುದು ಹರ್ಜ್‌ಬರ್ಗ್ ಹೇಳಿದ ತಿಂಡಿಯ ಆಮಿಷ. ಶಾಲೆಯ ಸಭಾಂಗಣದಲ್ಲಿ ಎರಡು ಗಂಟೆ ಅಬ್ಬರಿಸಿ ಹೋಗುವ ಭಾಷಣಕಾರನು ಗಾಲ್ವಾನಿಯ ವಿದ್ಯುತ್ತು: ಮಕ್ಕಳು ಅಂದು ಸೆಟೆದು ಕೂರುತ್ತಾರೆ, ಮರುದಿನ ಹಾಗೆಯೇ ಸಡಿಲಗೊಳ್ಳುತ್ತಾರೆ. ಇವುಗಳಿಂದ ಚಲನೆ ಹುಟ್ಟುವುದಿಲ್ಲವೆಂದಲ್ಲ. ಆದರೆ ಪ್ರೇರಣೆಯೆಲ್ಲ ನಮ್ಮಲ್ಲಿಯೇ ಉಳಿದು, ಮಗು ಕೇವಲ ನಮ್ಮ 'ಓದಿಸು' ಎಂಬ ಕ್ರಿಯೆಯ ಕರ್ಮಪದವಾಗಿಬಿಟ್ಟರೆ, ನಾವು ಕೈತೆಗೆದ ದಿನ ಓದು ನಿಲ್ಲುತ್ತದೆ.

ಕನ್ನಡ ವ್ಯಾಕರಣವು ಇಲ್ಲಿ ನಮಗೊಂದು ಸೂಕ್ಷ್ಮವನ್ನು ಕಲಿಸುತ್ತದೆ. 'ಪ್ರೀತಿಸು', 'ಸ್ಮರಿಸು', 'ಕ್ಷಮಿಸು' ಎಂಬ ಪದಗಳಲ್ಲಿಯೂ ಅದೇ 'ಇಸು' ಇದೆ. ಆದರೆ ಅವು ಪ್ರೇರಣಾರ್ಥಕಗಳಲ್ಲ. 'ಪ್ರೀತಿಸು' ಎಂದರೆ ಬೇರೆಯವರಿಂದ ಪ್ರೀತಿಯನ್ನು ಮಾಡಿಸುವುದಲ್ಲ. ನಾನೇ ಪ್ರೀತಿ ಮಾಡುವುದು. ಗುಡಿಯನ್ನೂ ಚರ್ಚನ್ನೂ ಕೂಲಿ ಕೊಟ್ಟು ಕಟ್ಟಿಸಬಹುದು, ಗಾಡಿಯನ್ನು ಎತ್ತುಗಳಿಂದ ಎಳೆಯಿಸಬಹುದು. ಪ್ರೀತಿಯನ್ನು ಹಾಗೆ ಮಾಡಿಸಲಾಗದು. ಮಕ್ಕಳಲ್ಲಿ ಓದಿನ ಪ್ರೀತಿ, ಪ್ರಾರ್ಥನೆಯ ಪ್ರೀತಿ, ಹಿರಿಯರ ಮೇಲಿನ ಪ್ರೀತಿ ಹುಟ್ಟಬೇಕೆಂದು ಬಯಸುವವರು ಮೊದಲು ತಾವು ಅದನ್ನು ಮಾಡಿ ತೋರಿಸಬೇಕಾಗುತ್ತದೆ.

ಇಷ್ಟೆಲ್ಲ ಪದಗಳ ನಡುವೆ ನಮ್ಮ 'ಎಬ್ಬಿಸು' ಎಂಬುದೇ ಉಳಿದವುಗಳಿಗಿಂತ ಮಿಗಿಲಾಗಿ ತೋರುತ್ತದೆ. ಅದರೊಳಗೆ 'ಏಳು' ಇದೆ. ಎಬ್ಬಿಸುವವನು ಎಷ್ಟೇ ಪ್ರಯತ್ನಿಸಿದರೂ ಏಳಬೇಕಾದವನು ಮಲಗಿದವನೇ. ಯಾಯೀರನ ಹನ್ನೆರಡು ವರ್ಷದ ಮಗಳ ಮನೆಯಲ್ಲಿ ಯೇಸುಸ್ವಾಮಿ ಮಾಡಿದ್ದೇನೆಂಬುದನ್ನು ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ನೋಡಿ. ಗೋಳಾಡುತ್ತಿದ್ದ ಗುಂಪನ್ನು ಮೊದಲು ಹೊರಗೆ ಕಳುಹಿಸಿದರು. ಮಗುವಿನ ಕೈಹಿಡಿದರು. ಅದರ ಮನೆಮಾತಿನಲ್ಲಿಯೇ ಏಳೆಂದರು. ಅದು ಎದ್ದು ನಡೆದಾಡಿತು. ಸುತ್ತಲಿದ್ದವರು ಬೆರಗಾಗಿ ನಿಂತಿರುವಾಗ, ಅದಕ್ಕೆ ತಿನ್ನಲು ಏನಾದರೂ ಕೊಡಿರೆಂದು ಅವರಿಗೆ ನೆನಪಿಸಿದರು.